ಚಿಲಕ ಹಾಕಿದ ಕೋಣೆಯಲ್ಲಿ ನೆಜುಕೊ

‘ಮಗ ಹೆಣ್ಣಿನ ವೇಷ ಹಾಕುತ್ತಾನೆ. ಅದೊಂದನ್ನು ಬಿಡಿಸಿಕೊಡಿ.’ ಮಾನಸಿಕ ಆರೋಗ್ಯದ ಸಲಹೆಗೆಂದು ಬಂದ ತಂದೆ ನನ್ನ ಮುಂದಿಟ್ಟ ಬೇಡಿಕೆ ಇಷ್ಟೇ. ಹುಡುಗನಿಗೆ ಹದಿನಾರು ವರ್ಷ, ಪ್ರಥಮ ಪಿಯುಸಿ. ಬಳ್ಳಾರಿಯಲ್ಲಿ ತಂದೆಗೆ ಸಣ್ಣದೊಂದು ಜೀನ್ಸ್ ಹೊಲಿಗೆ ಘಟಕವಿದೆ. ಕೆಳಗೆ ಮಷೀನುಗಳು, ಮೇಲೆ ಮನೆ. ಮನೆಯಲ್ಲಿ ತಾಯಿ ಮತ್ತು ಅಜ್ಜಿ. ಹುಡುಗನೂ ಹೆತ್ತವರೂ ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.

ನಡೆದದ್ದು ಹೀಗೆ. ರಾತ್ರಿ ಊಟವಾದ ಮೇಲೆ ಹುಡುಗ ಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದ. ಓದುತ್ತಿದ್ದಾನೆಂದು ಎಲ್ಲರೂ ನಂಬಿದ್ದರು. ಒಂದು ದಿನ ಅವನ ಸಹಪಾಠಿಯ ತಾಯಿ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಗುಲಾಬಿ ಬಟ್ಟೆ, ಸೊಂಟದವರೆಗೆ ಇಳಿಬಿದ್ದ ಕೂದಲು, ಬಾಯಿಗೆ ಅಡ್ಡಲಾಗಿ ಹಸಿರು ಕೊಳವೆ. ಹುಡುಗ ತನ್ನ ಖಾತೆಯಲ್ಲಿ ಹಾಕಿಕೊಂಡಿದ್ದ ತುಣುಕನ್ನು ಯಾರೋ ಇಳಿಸಿಕೊಂಡು, ಹೊಲಸು ಮಾತು ಸೇರಿಸಿ, ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಬಿಟ್ಟಿದ್ದರು. ತಂದೆ ಮೇಲೆ ಹೋಗಿ ಬಾಗಿಲು ಬಡಿದರು, ಕಟಿಂಗ್ ಮೇಜಿನ ಕತ್ತರಿಯಿಂದ ನಿಲುವಂಗಿಯನ್ನು ಎರಡು ಸೀಳು ಮಾಡಿದರು. ಮರುದಿನದಿಂದ ಹುಡುಗನಿಗೆ ಹೊಟ್ಟೆನೋವು. ಕಾಲೇಜು ನಿಂತಿತು, ಊಟ ಅರ್ಧಕ್ಕಿಳಿಯಿತು.

ಇಂಥ ಪ್ರಕರಣಗಳು ನಮ್ಮ ಬಳಿ ನೇರವಾಗಿ ಬರುವುದಿಲ್ಲ. ಮೊದಲು ನೆಂಟರು, ಆಮೇಲೆ ತಾಯಿತ, ಆಮೇಲೆ ನಾವು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದೇಶಕ್ಕೆ ದಾರಿ ತೋರಿದ ಊರಿನವರಿಗೆ ಆ ದಾರಿಯೇ ಗೊತ್ತಿಲ್ಲ ಎಂಬ ಸಿಟ್ಟು ನನಗೆ ಆಗಾಗ ಬರುತ್ತದೆ. ಇಲ್ಲಿ ಅಜ್ಜಿ ಆಗಲೇ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದರು. ‘ಹುಲಿಗಿಯ ತಾಯಿ ಹುಡುಗನನ್ನು ಕರೆಯುತ್ತಿದ್ದಾಳೆ, ತಡ ಮಾಡಿದರೆ ಮನೆಗೆ ಕೇಡು’ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ಮೊಮ್ಮಗ ದೇವಿಗೆ ಒಪ್ಪಿಸಿಕೊಂಡು, ಸೀರೆ ಉಟ್ಟು ಹೆಣ್ಣಾಗಿ ಬದುಕುವ ಜೋಗತಿಯಾಗಬೇಕಾಗುತ್ತದೆ ಎಂಬ ಭಯದಲ್ಲಿ ಅಜ್ಜಿ ನಿದ್ದೆಗೆಟ್ಟಿದ್ದರು. ತಂದೆ ಕತ್ತರಿ ಎತ್ತಿದ್ದರ ಹಿಂದೆಯೂ ಇದೇ ಭಯವಿತ್ತು, ಆದರೆ ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಹುಡುಗ ಒಬ್ಬನೇ ಇದ್ದಾಗ ಅವನೊಂದಿಗೆ ಮಾತಾಡಿದೆ. ಮಾತು ಎನ್ನುವುದಕ್ಕಿಂತ ಕಾಯುವಿಕೆ ಎನ್ನಬೇಕು. ಅವನಿಗೆ ಉಗ್ಗು ಇದೆ, ಹೆಸರು ಹೇಳುವುದಕ್ಕೇ ಕಣ್ಣು ಬಿಗಿಹಿಡಿದು ಒದ್ದಾಡಿದ. ತಂದೆ ಇದನ್ನು ದೂರಿನಲ್ಲಿ ಹೇಳಿಯೇ ಇರಲಿಲ್ಲ. ಚಿಕ್ಕವನಿದ್ದಾಗ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದರಂತೆ; ಫಲ ಸಿಗದೆ, ‘ಅದು ಅವನ ಹಣೆಬರಹ’ ಎಂದು ಬಿಟ್ಟಿದ್ದರಂತೆ.

ಬದುಕುವುದೇ ಬೇಡ ಎನಿಸಿದೆಯೇ ಎಂದು ಮೊದಲೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಪೋಷಕರು ಹೆದರುತ್ತಾರೆ. ಹುಟ್ಟುವುದಿಲ್ಲ, ಕೇಳಿದರೆ ಒಳಗಿರುವುದು ಹೊರಬರುತ್ತದೆ. ವಿಡಿಯೊ ಹರಡಿದ ವಾರ ಹಾಗೆ ಅನಿಸಿತ್ತು, ಈಗ ಇಲ್ಲ ಎಂದ. ಮಾಡಿಕೊಳ್ಳುವ ಯೋಜನೆ ಏನೂ ಇರಲಿಲ್ಲ. ಆದರೂ ಅವನಿಗೆ ತಿಳಿಸಿಯೇ ತಾಯಿಗೆ ಈ ವಿಷಯ ಹೇಳಿದೆ. ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಇಬ್ಬರ ಮೊಬೈಲಿನಲ್ಲೂ ಸೇರಿಸಿದೆ. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ವೇಷದ ಮಾತು. ಕಥೆ, ಸಿನಿಮಾಗಳ ಪಾತ್ರಗಳಂತೆ ವೇಷ ಹಾಕುವ ಈ ಹವ್ಯಾಸಕ್ಕೆ ಕಾಸ್‌ಪ್ಲೇ ಎನ್ನುತ್ತಾರೆ. ಅವನು ಹಾಕಿದ್ದು ‘ಡೀಮನ್ ಸ್ಲೇಯರ್’ ಎಂಬ ಜಪಾನಿನ ಕಥೆಯ ನೆಜುಕೊ ವೇಷ. 2016ರಿಂದ 2020ರವರೆಗೆ ಚಿತ್ರಕಥೆಯಾಗಿ ವಾರವಾರ ಬಂದದ್ದು, 2019ರಿಂದ ಆನಿಮೇಷನ್ ಸರಣಿಯಾಯಿತು. ಅದರಲ್ಲಿ ನೆಜುಕೊ ನಾಯಕನ ತಂಗಿ. ರಕ್ಕಸಿಯಾಗಿ ಮಾರ್ಪಟ್ಟರೂ ಮನುಷ್ಯರನ್ನು ತಿನ್ನಲು ಒಲ್ಲದವಳು. ಕಚ್ಚದಿರಲೆಂದು ಬಾಯಿಗೆ ಬಿದಿರಿನ ತುಂಡು ಕಟ್ಟಿರುತ್ತಾರೆ. ಅಷ್ಟೊಂದು ಪಾತ್ರಗಳಿರುವಾಗ ಇವಳೇ ಏಕೆ ಎಂದು ಕೇಳಿದೆ. ಹುಡುಗ ಪೆನ್ನು ಕೇಳಿ ಪಡೆದು ಬರೆದ: ‘ಅವಳು ಮಾತಾಡಬೇಕಾಗಿಲ್ಲ. ಆದರೂ ಎಲ್ಲರಿಗೂ ಅರ್ಥವಾಗುತ್ತಾಳೆ.’

ಹುಡುಗಿಯಾಗಬೇಕು ಎಂದು ಅನಿಸುತ್ತದೆಯೇ ಎಂದೂ ಕೇಳಿದೆ. ಇಲ್ಲ, ಮುಂದೆ ತಾಂಜಿರೊ ಮಾಡಬೇಕೆಂದಿದ್ದೇನೆ ಎಂದ. ತಾಂಜಿರೊ ಎಂದರೆ ಕಥೆಯಲ್ಲಿ ಅವಳ ಅಣ್ಣ. ಅವನ ಒಪ್ಪಿಗೆಯ ಮೇಲೆ ತಂದೆಗೆ ಇದನ್ನು ತಿಳಿಸಿದಾಗ ಅವರ ಭುಜ ಸಡಿಲವಾಯಿತು. ಆ ನಿರಾಳ ನನಗೆ ಪೂರ್ತಿ ಹಿಡಿಸಲಿಲ್ಲ. ಉತ್ತರ ಬೇರೆಯಾಗಿದ್ದರೂ ನನ್ನ ಸಲಹೆ ಬದಲಾಗುತ್ತಿರಲಿಲ್ಲ, ಕತ್ತರಿ ಆಗಲೂ ತಪ್ಪೇ ಆಗಿರುತ್ತಿತ್ತು ಎಂದು ಹೇಳಿದೆ. ಜೋಗತಿ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆ ಬದುಕು ಕೀಳಲ್ಲ. ಆದರೆ ಯಾರ ಬದುಕು ಯಾವುದು ಎಂಬುದನ್ನು ಹರಕೆ ಹೊತ್ತವರು ತೀರ್ಮಾನಿಸುವಂತಿಲ್ಲ.

ಅಜ್ಜಿಗೆ ಬೇರೆ ರೀತಿಯಲ್ಲಿ ಹೇಳಿ ನೋಡಿದೆ. ನಮ್ಮ ಸೀಮೆಯಲ್ಲಿ ವೇಷ ಹೊಸದೇನಲ್ಲ. ಮೊಹರಂನಲ್ಲಿ ಹರಕೆ ಹೊತ್ತು ಮೈಗೆಲ್ಲ ಬಣ್ಣ ಬಳಿದುಕೊಂಡು ಹುಲಿಯಾಗುತ್ತಾರೆ. ಹಗಲುವೇಷದವರು ಮನೆಬಾಗಿಲಿಗೇ ಬರುತ್ತಿದ್ದರು. ಬಯಲಾಟದಲ್ಲಿ ಸೀರೆ ಉಟ್ಟು ದ್ರೌಪದಿಯಾಗುತ್ತಿದ್ದವರು ಗಂಡಸರೇ. ಅಜ್ಜಿ ನನ್ನ ಮಾತು ಮುಗಿಯುವವರೆಗೆ ಕಾದು, ‘ನಿಜ ತಾಯಿ. ಆದರೆ ಅವರು ಊರ ಮುಂದೆ ಕುಣಿಯುತ್ತಿದ್ದರು. ಇವನು ಚಿಲಕ ಹಾಕಿಕೊಳ್ಳುತ್ತಾನಲ್ಲ’ ಎಂದರು.

ಈ ಪ್ರಕರಣದಲ್ಲಿ ಯಾರೂ ಇಷ್ಟು ಸರಿಯಾಗಿ ಮಾತಾಡಿರಲಿಲ್ಲ, ನಾನೂ ಸೇರಿ. ಬಯಲಾಟದ ವೇಷಕ್ಕೆ ಹೊತ್ತಿತ್ತು, ಜಾಗವಿತ್ತು, ನೋಡುವವರಿದ್ದರು, ಬೆಳಗಾದರೆ ಬಣ್ಣ ಅಳಿಸಿಕೊಂಡು ಹೊಲಕ್ಕೆ ಹೋಗುವ ವ್ಯವಸ್ಥೆಯಿತ್ತು. ಈ ಹುಡುಗನಿಗೆ ಅದಾವುದೂ ಇರಲಿಲ್ಲ. ಇದ್ದದ್ದು ಮುಚ್ಚಿದ ಕೋಣೆ ಮತ್ತು ಮೊಬೈಲು. ಹಾಗಾಗಿ ವೇಷ ಬಿಡಿಸುವ ಮಾತನ್ನು ಅಲ್ಲಿಗೇ ನಿಲ್ಲಿಸಿ, ಬಾಗಿಲು ತೆರೆಯುವ ಬಗ್ಗೆ ಮಾತಾಡೋಣ ಎಂದೆ.

ಮೊದಲ ಕಾರಣ ಗಾಳಿ. ಅವನು ಫೋಮ್ ಶೀಟು ಅಂಟಿಸಲು ಬಳಸುತ್ತಿದ್ದುದು ಚಪ್ಪಲಿ ಅಂಗಡಿಯವರು ಬಳಸುವ ರಬ್ಬರ್ ಅಂಟು. ಮುಚ್ಚಿದ ಕೋಣೆಯಲ್ಲಿ ಅದರ ಆವಿ ತಲೆ ತಿರುಗಿಸುತ್ತದೆ, ಬೆಂಕಿಯೂ ಬೇಗ ಹತ್ತುತ್ತದೆ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಧಗೆಯಲ್ಲಿ ವಿಗ್ ಧರಿಸಿ, ಪದರದ ಮೇಲೆ ಪದರ ಹಾಕಿ ಚಿಲಕ ಹಾಕಿಕೊಂಡರೆ ಆರೋಗ್ಯ ಕೆಡುವುದು ಖಂಡಿತ. ಆದ್ದರಿಂದ ವೇಷದ ಕೆಲಸ ಇನ್ನು ಕೆಳಗಿನ ಘಟಕದಲ್ಲಿ, ಭಾನುವಾರ ಮಷೀನು ನಿಂತಾಗ. ಇದಕ್ಕೆ ತಂದೆ ಒಪ್ಪಿದ್ದು ಮಗನ ಮೇಲಿನ ಮಮತೆಗಿಂತ ಅಂಟಿನ ಬೆಂಕಿಗೆ ಹೆದರಿ ಎಂದೇ ನನ್ನ ಅನುಮಾನ. ನನಗೆ ಅಷ್ಟು ಸಾಕಿತ್ತು.

ಹುಡುಗ ಸೀಳಿದ ನಿಲುವಂಗಿಯನ್ನು ಚೀಲದಲ್ಲಿ ತಂದಿದ್ದ. ಬಿದಿರು ಎಂದು ತೋರುತ್ತಿದ್ದದ್ದು ಬಟ್ಟೆಯ ಥಾನು ಸುತ್ತಿ ಬರುವ ರಟ್ಟಿನ ಕೊಳವೆ. ಹಸಿರು ಬಣ್ಣ ಹೊಡೆದು, ಗೆಣ್ಣು ಬರಬೇಕಾದಲ್ಲಿ ದಾರ ಸುತ್ತಿ ಉಬ್ಬಿಸಿದ್ದ. ಗುಲಾಬಿ ಬಟ್ಟೆಯ ಮೇಲಿನ ಆರು ಮೂಲೆಯ ನಕ್ಷತ್ರದಂಥ ಚಿತ್ತಾರವನ್ನು ಒಂದೊಂದೇ ಗೆರೆಯಾಗಿ ಬಿಳಿ ಬಣ್ಣದಲ್ಲಿ ಎಳೆದಿದ್ದ. ತಂದೆ ಆ ಬಟ್ಟೆಯ ಒಳಮೈಯನ್ನು ಹೊರಳಿಸಿ ನೋಡಿ, ಹೊಲಿಗೆ ಸುಕ್ಕುಗಟ್ಟಿದೆ ಎಂದು ಗದರಿದರು. ‘ಜೀನ್ಸ್ ಸೂಜಿಯಲ್ಲಿ ತೆಳು ಬಟ್ಟೆ ಹೊಲಿದರೆ ಇನ್ನೇನಾಗುತ್ತದೆ? ಹನ್ನೊಂದನೇ ನಂಬರಿನ ಸೂಜಿ ಹಾಕಬೇಕು.’ ಹುಡುಗ ತಲೆ ತಗ್ಗಿಸಿದ. ಅದು ಬೈಗುಳವೋ ಪಾಠವೋ ಅವರಿಬ್ಬರಿಗೂ ತಿಳಿದಿರಲಿಲ್ಲ. ನಾನು ನಡುವೆ ಬಾಯಿ ಹಾಕಲಿಲ್ಲ.

ವಿಡಿಯೊ ವಿಷಯದಲ್ಲಿ ಪ್ರಾಂಶುಪಾಲರಿಗೆ ಲಿಖಿತ ದೂರು ಕೊಡಿಸಿದೆ, ಗುಂಪಿನಲ್ಲಿ ಬಂದದ್ದರ ಸ್ಕ್ರೀನ್‌ಶಾಟ್ ಉಳಿಸಿಕೊಳ್ಳಲು ಹೇಳಿದೆ. ಪೊಲೀಸರು ಬೇಡ ಎಂದು ಹುಡುಗ ಹಟ ಹಿಡಿದ, ಆ ಹಟಕ್ಕೆ ಬೆಲೆ ಕೊಟ್ಟೆವು. ಹಂಚಿದವರನ್ನು ಕಾಲೇಜಿನವರು ಕರೆದು ಮಾತಾಡಿದರು, ತುಣುಕು ಅಳಿಸಿತು. ಈ ಹವ್ಯಾಸದ ಸಮ್ಮೇಳನಗಳಲ್ಲಿ ವೇಷಧಾರಿಯನ್ನು ಕೇಳದೆ ಮುಟ್ಟಬಾರದು, ಕೇಳದೆ ಫೋಟೊ ತೆಗೆಯಬಾರದು ಎಂಬ ಮರ್ಯಾದೆ ಇದೆ. ಅದು ವಾಟ್ಸ್ಆ್ಯಪ್ ಗುಂಪಿಗೂ ಸಲ್ಲುತ್ತದೆ. ಅವನಿಗೂ ಒಂದು ಕಟ್ಟು ಹಾಕಿದೆ: ಹದಿನೆಂಟು ತುಂಬುವವರೆಗೆ ಖಾತೆ ಖಾಸಗಿಯಾಗಿರಲಿ, ಅಪರಿಚಿತರು ‘ನಿನ್ನ ವೇಷ ಚೆನ್ನಾಗಿದೆ, ಒಬ್ಬನೇ ಬಾ’ ಎಂದರೆ ಅದನ್ನು ತಾಯಿಗೆ ತೋರಿಸಬೇಕು.

ನನ್ನ ಲೆಕ್ಕದಲ್ಲಿ ಮುಖ್ಯ ಚಿಕಿತ್ಸೆ ಬೇಕಾದದ್ದು ಉಗ್ಗಿಗೆ. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ನಾಲಿಗೆ ದಪ್ಪವಾದದ್ದರಿಂದ ಬರುವುದಲ್ಲ. ಹಾಡುವಾಗ, ಹಲವರು ಒಟ್ಟಾಗಿ ಓದುವಾಗ ಬಹುಮಟ್ಟಿಗೆ ಮಾಯವಾಗುತ್ತದೆ. ಪಾತ್ರವಾಗಿ ಮಾತಾಡುವಾಗಲೂ ಹಲವರಿಗೆ ಹಾಗೆಯೇ. ವಾಕ್ ಚಿಕಿತ್ಸಕರ ಬಳಿ ಕಳುಹಿಸಿದೆ, ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಹೋಗಿಬನ್ನಿ ಎಂದೆ. ಮನೆಯವರಿಗೆ ಹೇಳಿದ್ದಿಷ್ಟು: ಅವನ ಮಾತನ್ನು ನೀವು ಪೂರ್ತಿ ಮಾಡಬೇಡಿ, ‘ನಿಧಾನವಾಗಿ ಹೇಳು’ ಎನ್ನಬೇಡಿ, ಅವನ ಮುಖ ನೋಡುತ್ತಾ ಕಾಯಿರಿ. ಕಾಯುವುದರಲ್ಲಿ ತಾಯಿ ಮೊದಲಿಗರಾದರು.

ಅಜ್ಜಿಗೆ ಹರಕೆ ತೀರಿಸಲು ಹುಲಿಗಿಗೆ ಹೋಗಿಬನ್ನಿ, ಕಾಯಿ ಒಡೆಸಿಕೊಂಡು ಬನ್ನಿ, ಹುಡುಗನನ್ನು ಒಪ್ಪಿಸುವ ಮಾತು ಮಾತ್ರ ಬೇಡ ಎಂದೆ. ಅವರು ಅದಕ್ಕೆ ಉತ್ತರಿಸದೆ, ‘ಆ ರಕ್ಕಸಿ ಹುಡುಗಿ ಕೊನೆಗೆ ಗುಣವಾಗುತ್ತಾಳೋ?’ ಎಂದು ಕೇಳಿದರು. ನನಗಿಂತ ಮೊದಲು ಮೊಮ್ಮಗನೇ ಬಾಯಿ ತೆರೆದ. ಬಹಳ ಹೊತ್ತು ಹಿಡಿಯಿತು, ಯಾರೂ ನಡುವೆ ಬರಲಿಲ್ಲ. ಮತ್ತೆ ಮನುಷ್ಯಳಾಗುತ್ತಾಳೆ ಎಂದ.

ಹುಡುಗ ಈಗ ಕಾಲೇಜಿಗೆ ಹೋಗುತ್ತಿದ್ದಾನೆ, ಆದರೆ ವಾರದಲ್ಲಿ ಒಂದೆರಡು ದಿನ ಹೊಟ್ಟೆನೋವು ಇದ್ದೇ ಇದೆ. ವಾಕ್ ಚಿಕಿತ್ಸೆ ನಡೆಯುತ್ತಿದೆ. ಬೆಂಗಳೂರಿನಲ್ಲಿ 2012ರಿಂದ ನಡೆಯುತ್ತಿರುವ ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಅಭಿಮಾನಿಗಳ ಸಮ್ಮೇಳನಕ್ಕೆ ತಾಂಜಿರೊ ವೇಷದಲ್ಲಿ ಹೋಗುವ ಆಸೆ ಅವನದು. ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು ಎಂದು ನಾನು ಷರತ್ತು ಹಾಕಿದ್ದೇನೆ. ತಾಯಿ ತಯಾರಿದ್ದಾರೆ. ತಂದೆ ಇನ್ನೂ ಒಪ್ಪಿಲ್ಲ. ಹಬ್ಬದ ಆರ್ಡರ್ ಮುಗಿಯಲಿ, ನೋಡೋಣ ಎನ್ನುತ್ತಿದ್ದಾರೆ.