ನಿರುದ್ಯೋಗ ದರ ಕಡಿಮೆ ಇದ್ದರೆ ಮಹಿಳೆಯರಿಗೆ ಕೆಲಸ ಸಿಕ್ಕಿದೆಯೆಂದು ಅರ್ಥವೇ?

ಪ್ರಶ್ನೆ: 2023-24ರಲ್ಲಿ ಭಾರತದ ಮಹಿಳೆಯರ ನಿರುದ್ಯೋಗ ದರ ಶೇ. 3.2 ಇತ್ತೆಂದೂ ದಕ್ಷಿಣ ಆಫ್ರಿಕಾದಲ್ಲಿ ಅದು ಶೇ. 30ನ್ನು ಮೀರಿದೆಯೆಂದೂ ಓದಿದೆ. ಹಾಗಾದರೆ ನಮ್ಮ ಮಹಿಳೆಯರ ಸ್ಥಿತಿ ಅಲ್ಲಿಯವರಿಗಿಂತ ಹತ್ತು ಪಟ್ಟು ಉತ್ತಮವೇ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಅಲ್ಲ. ನೀವು ಕೊಟ್ಟ ಎರಡೂ ಅಂಕಿಗಳು ಸರಿಯಾಗಿವೆ, ಅವುಗಳಿಂದ ಈ ತೀರ್ಮಾನ ಮಾತ್ರ ಹುಟ್ಟುವುದಿಲ್ಲ. ಕೆಲಸವಿಲ್ಲದವರೆಲ್ಲ ಈ ಲೆಕ್ಕದಲ್ಲಿ ನಿರುದ್ಯೋಗಿಗಳಲ್ಲ. ಕೆಲಸ ಬೇಕೆಂದು ಮುಂದೆ ಬಂದವರು ಮಾತ್ರ ನಿರುದ್ಯೋಗಿಗಳು. ಹುಡುಕಿ ಸಾಕಾಗಿ ಕೈಚೆಲ್ಲಿದವರು, ಮನೆಯವರು ಕಳುಹಿಸಲೊಪ್ಪದೆ ಉಳಿದವರು ಕಾರ್ಮಿಕ ಬಲದಿಂದಲೇ (ದುಡಿಯುವವರು ಮತ್ತು ಕೆಲಸ ಬೇಕೆನ್ನುವವರ ಒಟ್ಟು ಲೆಕ್ಕದಿಂದಲೇ) ಹೊರಬೀಳುವುದರಿಂದ ಅವರು ಈ ದರದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಉದಾಹರಣೆಗೆ, ಜೋರ್ಡಾನಿನಲ್ಲಿ ನೂರು ಮಹಿಳೆಯರಲ್ಲಿ ಕಾರ್ಮಿಕ ಬಲಕ್ಕೆ ಸೇರಿದವರೇ ಸುಮಾರು ಹದಿನಾಲ್ಕು ಮಂದಿ, ಉಳಿದವರು ಈ ದರದ ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ವಯಸ್ಕ ಮಹಿಳೆಯರು ನೂರು ಮಂದಿ ಇದ್ದರೆ ಅವರಲ್ಲಿ ಎಷ್ಟು ಜನ ದುಡಿಯುತ್ತಿದ್ದಾರೆ ಎಂದು ಕೇಳುವುದು ಹೆಚ್ಚು ನ್ಯಾಯವಾದ ಹೋಲಿಕೆ. ಭಾರತದಲ್ಲಿ ಆ ಸಂಖ್ಯೆ 2023-24ರಲ್ಲಿ 40, ದಕ್ಷಿಣ ಆಫ್ರಿಕಾದಲ್ಲಿ 35ರ ಆಸುಪಾಸು. ಹತ್ತು ಪಟ್ಟಿನ ಅಂತರ ಇಲ್ಲಿಗೇ ಕರಗಿಹೋಯಿತು.

ನನ್ನನ್ನು ಹೆಚ್ಚು ಕಾಡುವುದು ಮುಂದಿನ ಮಾತು. ಉದ್ಯೋಗದ ಬಗ್ಗೆ ಕೇಂದ್ರ ಸರ್ಕಾರ ನಡೆಸುವ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ ಅದೇ ವರ್ಷದ ವರದಿಯ ಪ್ರಕಾರ, ನಮ್ಮ ದುಡಿಯುವ ಮಹಿಳೆಯರಲ್ಲಿ ಶೇ. 36.7ರಷ್ಟು ಮಂದಿ ಮನೆಯ ಉದ್ಯಮದಲ್ಲಿ ಕೂಲಿಯಿಲ್ಲದೆ ನೆರವಾಗುವವರು. ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮನೆಯೊಂದನ್ನು ನೆನೆಯಿರಿ: ರಾತ್ರಿ ಎದ್ದು ಹುಳುಗಳಿಗೆ ಸೊಪ್ಪು ಹಾಕುವವಳು, ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ (ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗೆ) ಬಿಡುವವಳು ಆ ಮನೆಯ ಹೆಣ್ಣುಮಗಳು, ಗೂಡು ಮಾರಿದ ಹಣ ಸೇರುವುದು ಗಂಡನ ಖಾತೆಗೆ. ಸಮೀಕ್ಷೆಯ ದೃಷ್ಟಿಯಲ್ಲಿ ಅವಳು ಉದ್ಯೋಗಸ್ಥೆ. ಅವಳ ದುಡಿಮೆ ಲೆಕ್ಕಕ್ಕೆ ಬಂದದ್ದು ಸರಿಯೇ, ಬರಲೇಬೇಕು. ಆದರೆ ಅದನ್ನು ಸಂಬಳದ ನೌಕರಿಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ಅವಳಿಗೆ ಮಾಡುವ ಅನ್ಯಾಯ. ಇಂಥವರನ್ನು ಬಿಟ್ಟು ಎಣಿಸಿದರೆ ಆ ನಲವತ್ತು ಇಪ್ಪತ್ತೈದಕ್ಕೆ ಇಳಿಯುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ ಸಣ್ಣ ಹಿಡುವಳಿಯ ಕೃಷಿ ನಮ್ಮಷ್ಟು ವ್ಯಾಪಕವಾಗಿಲ್ಲ. ಕರಿಯರ ಭೂಮಿಯನ್ನು ಬಿಳಿಯರ ಸರ್ಕಾರದ 1913ರ ಭೂ ಕಾಯಿದೆಯೇ ಕಿತ್ತುಕೊಂಡಿತ್ತು. ಹೀಗಾಗಿ ಅಲ್ಲಿ ಕೆಲಸ ಕಳೆದುಕೊಂಡ ಹೆಣ್ಣುಮಗಳಿಗೆ ಮರಳಲು ಹೊಲವಿರುವುದಿಲ್ಲ. ಅವಳು ಕೆಲಸ ಹುಡುಕುತ್ತಾಳೆ, ಅಂಕಿಯಲ್ಲಿ ಕಾಣಿಸುತ್ತಾಳೆ. ನಮ್ಮಲ್ಲಿ ಗಾರ್ಮೆಂಟ್ಸ್ ಕೆಲಸ ಬಿಟ್ಟು ಊರಿಗೆ ಬಂದವಳು ಮರುದಿನವೇ ಅತ್ತೆಯ ಜೊತೆ ಕಳೆ ಕೀಳಲು ಹೋಗುತ್ತಾಳೆ, ನಿರುದ್ಯೋಗಿಗಳ ಪಟ್ಟಿಗೆ ಸೇರುವುದೇ ಇಲ್ಲ.