ಅಟ್ಟದ ಮೇಲಿನ ಗಂಟನ್ನು ರದ್ದಿಗೆ ಹಾಕಬೇಡಿ

ಕುಂದಗೋಳದ ಅಕ್ಕ ಒಬ್ಬರು ಬರೆದಿದ್ದಾರೆ: ಮನೆಗೆ ಸುಣ್ಣ ಹಚ್ಚುವಾಗ ಅಟ್ಟದ ಮೇಲೆ ಅಜ್ಜ ಕಟ್ಟಿಟ್ಟಿದ್ದ ಹಳೆಯ ‘ಕರ್ಮವೀರ’ ವಾರಪತ್ರಿಕೆಯ ಗಂಟು ಸಿಕ್ಕಿದೆ, ಮನೆಯವರು ರದ್ದಿಗೆ ಹಾಕು ಅಂತಿದ್ದಾರೆ. ಹಳಸಿದ ಸುದ್ದಿಗಾಗಿ ಜನ ವಾರವಿಡೀ ಕಾಯುತ್ತಿದ್ದರಾ ಅಂತಲೂ ಕೇಳಿದ್ದಾರೆ.

ಕಾಯುತ್ತಿದ್ದರು ಅಕ್ಕಾ. ಹಳ್ಳಿಗೆ ಅದು ಹಳಸಿದ ಸುದ್ದಿಯಾಗಿರಲಿಲ್ಲ. ಅಂಚೆಯಲ್ಲಿ ಬಂದ ಒಂದು ಪ್ರತಿಯನ್ನು ಓದು ಬಂದವರೊಬ್ಬರು ಕಟ್ಟೆಯ ಮೇಲೆ ಕೂತು ಜೋರಾಗಿ ಓದಿದರೆ, ಸುತ್ತ ಕೂತವರಿಗೆಲ್ಲ ಆ ವಾರದ ಮಾತಿಗೆ ಅದೇ ಸಾಕಾಗುತ್ತಿತ್ತು.

‘ಕರ್ಮವೀರ’ ಶುರುವಾಗಿದ್ದು 1921ರಲ್ಲಿ, ಧಾರವಾಡದಲ್ಲಿ. ಶುರು ಮಾಡಿದವರು ರಂಗನಾಥ ದಿವಾಕರ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು, ಮುಂದೆ ಬಿಹಾರದ ರಾಜ್ಯಪಾಲರಾದವರು. ಆ ವರ್ಷ ಎಂಥದ್ದು ನೋಡಿ. ಜುಲೈ 1ರಂದು ಧಾರವಾಡದ ಜಕಣಿ ಬಾವಿ ಹತ್ತಿರ ಸಾರಾಯಿ ಅಂಗಡಿ ವಿರುದ್ಧ ಪಿಕೆಟಿಂಗ್ (ಅಂಗಡಿ ಮುಂದೆ ನಿಂತು ಗಿರಾಕಿಗಳನ್ನು ತಡೆಯುವ ಪ್ರತಿಭಟನೆ) ಮಾಡುತ್ತಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಮೂವರು ಸತ್ತರು. ನಾವಾಗ ಮುಂಬಯಿ ಪ್ರಾಂತದ ಒಂದು ತುದಿಯಲ್ಲಿದ್ದವರು. ನಮ್ಮೂರಲ್ಲಿ ಆದದ್ದನ್ನು ನಮ್ಮ ಮಾತಿನಲ್ಲಿ ಹೇಳುವವರು ಬೇಕಿತ್ತಲ್ವಾ? ಹೇಳುವುದೂ ಸುಲಭವಿರಲಿಲ್ಲ. 1930ರ ಪ್ರೆಸ್ ಸುಗ್ರೀವಾಜ್ಞೆ ಬಂದಾಗ ಸರ್ಕಾರ ಮುದ್ರಕರಿಂದ ಠೇವಣಿ ಕೇಳಬಹುದಿತ್ತು, ಬರೆದದ್ದು ಹಿಡಿಸದಿದ್ದರೆ ಆ ಠೇವಣಿಯನ್ನು ನುಂಗಿಯೂ ಹಾಕಬಹುದಿತ್ತು.

ಇನ್ನು ಅಚ್ಚಿನ ಕೆಲಸ. ಗದಗಿನ ಒಂದು ಪ್ರೆಸ್ಸಿನಲ್ಲಿ ಹಿರಿಯರೊಬ್ಬರು ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸುವುದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ‘ಸ್ವಾತಂತ್ರ್ಯ’ ಅನ್ನೋ ಒಂದು ಶಬ್ದ ಸಾಕು, ಮೊಳೆ ಇಡುವ ಪೆಟ್ಟಿಗೆಯಲ್ಲಿ (ಅದೇ ಕೇಸು) ವ ಒತ್ತಿಗೊಂದು ಮನೆ, ರ ಒತ್ತಿಗೊಂದು, ಯ ಒತ್ತಿಗೆ ಮತ್ತೊಂದು, ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ, ಅವರ ಕೈ ಮಾತ್ರ ಕೇಸಿನತ್ತ ನೋಡದೆಯೇ ಹೋಗಿ ಬರುತ್ತಿತ್ತು. ಉಗುರಿನ ಸಂದಿಯಲ್ಲಿ ಶಾಯಿ ಯಾವತ್ತೂ ಹೋಗುತ್ತಿರಲಿಲ್ಲ. ಒಂದು ಪುಟಕ್ಕೇ ಇಷ್ಟು ದುಡಿಮೆ ಹಿಡಿಯುವಾಗ ದಿನಾ ಪತ್ರಿಕೆ ತರಲು ಎಷ್ಟು ಕೈ, ಎಷ್ಟು ದುಡ್ಡು ಬೇಕು ನೀವೇ ಲೆಕ್ಕ ಹಾಕಿ.

‘ಕರ್ಮವೀರ’ ನಂತರ ಹುಬ್ಬಳ್ಳಿಯ ಲೋಕ ಶಿಕ್ಷಣ ಟ್ರಸ್ಟಿನಿಂದ, ‘ಸಂಯುಕ್ತ ಕರ್ನಾಟಕ’ ದಿನಪತ್ರಿಕೆಯ ಜೊತೆಗೇ ಬಂತು.

ಈಗ ನಿಮ್ಮ ಗಂಟಿನ ಮಾತು. ಸುದ್ದಿ ಕಾಗದ ಹಳೆಯದಾದರೆ ಹಪ್ಪಳದಂತೆ ಮುರಿಯುತ್ತದೆ. ಮಡಿಕೆಯನ್ನು ಜಗ್ಗಿ ಬಿಡಿಸಬೇಡಿ, ಹರಿದ ಕಡೆ ಟೇಪ್ ಹಚ್ಚಲೇಬೇಡಿ. ಹಲಗೆಯ ಮೇಲೆ ಅಗಲವಾಗಿ ಇಡಿ, ಬಿಸಿಲು, ತೇವ ತಾಗದಿರಲಿ. ಅಂಚಿನಲ್ಲಿ ಅಜ್ಜ ಪೆನ್ಸಿಲ್‌ನಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ಸೇರಿಸಿ ಫೋನಿನಲ್ಲಿ ಫೋಟೊ ತೆಗೆಯಿರಿ. ಮುಂದಿನ ಭಾನುವಾರ ನಾನೇ ಬರುತ್ತೇನೆ. ಅಲ್ಲಿಯವರೆಗೆ ಗಂಟು ರದ್ದಿಗೆ ಹೋಗದಿರಲಿ.