‘ನಾನು ದಡ್ಡ ಆಗಿದ್ದಕ್ಕಲ್ಲ’: ಎರಡನೇ ಭಾಷೆ ಬಿಡಲು ಬಂದ ಹುಡುಗ

ವಿಷಯ ಆಯ್ಕೆಯ ಅರ್ಜಿ ತುಂಬುವ ಹೊತ್ತು ಬಂದರೆ ಸಾಕು, ಪ್ರತಿವರ್ಷ ಒಂದೇ ಬೇಡಿಕೆ ಹೊತ್ತ ಅಪ್ಪ-ಅಮ್ಮಂದಿರು ಮಕ್ಕಳ ಆಪ್ತಸಮಾಲೋಚಕಿಯಾದ ನನ್ನ ಕೋಣೆಗೆ ಬರುತ್ತಾರೆ. ಮಗುವಿಗೆ ಎರಡನೇ ಭಾಷೆ ಹೊರೆಯಾಗಿದೆ, ಬಿಡಿಸಬಹುದು ಅಂತ ಶಾಲೆಗೆ ಒಂದು ಪತ್ರ ಬರೆದುಕೊಡಿ ಎನ್ನುತ್ತಾರೆ. ಇಲ್ಲಿ ಹೇಳುತ್ತಿರುವ ಹುಡುಗನ ವಿಷಯದಲ್ಲಿ ಆ ಪತ್ರವನ್ನು ಬಹುಮಟ್ಟಿಗೆ ಬರೆದೇಬಿಟ್ಟಿದ್ದೆ. ಅದು ನೆನಪಾದಾಗಲೆಲ್ಲ ಮನಸ್ಸಿಗೆ ಕಸಿವಿಸಿಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹುಡುಗನೂ ಅವನ ಮನೆಯವರೂ ಬರೆಯಲು ಒಪ್ಪಿದ್ದಾರೆ.

ವಯಸ್ಸು 13. ಮನೆಮಾತು ಕನ್ನಡ, ಶಾಲೆಯ ಮಾಧ್ಯಮ ಇಂಗ್ಲಿಷ್, ಎರಡನೇ ಭಾಷೆಯಾಗಿ ಫ್ರೆಂಚ್. ಉಳಿದ ವಿಷಯಗಳಲ್ಲಿ ಚೆನ್ನಾಗಿಯೇ ಇದ್ದವನಿಗೆ ಫ್ರೆಂಚ್ ತರಗತಿ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು. ವೈದ್ಯರು ಪರೀಕ್ಷಿಸಿ ದೇಹಕ್ಕೇನೂ ಆಗಿಲ್ಲ ಎಂದಿದ್ದರು. ಅಪ್ಪನದು ಸರಳ ಲೆಕ್ಕ: “ಈಗ ಫೋನೇ ಅನುವಾದ ಮಾಡಿಕೊಡುತ್ತೆ ಮೇಡಂ, ಇವನ್ಯಾಕೆ ಒದ್ದಾಡಬೇಕು?” ಅಮ್ಮನ ಚಿಂತೆ ಬೇರೆ. ಮೂರು ಭಾಷೆ ಕಲಸಿಹೋಗಿ ಒಂದೂ ನೆಟ್ಟಗೆ ಬರದಂತಾದರೆ ಎಂಬ ಭಯ ಅವರದು.

ಅಮ್ಮನ ಚಿಂತೆಗೆ ಅಂದೇ ಉತ್ತರ ಕೊಟ್ಟೆ. ಎರಡು ಭಾಷೆ ಕಲಿತರೆ ಮಕ್ಕಳ ಬುದ್ಧಿ ಗೊಂದಲಕ್ಕೆ ಬೀಳುತ್ತದೆ ಎಂದು ಒಂದು ಕಾಲದಲ್ಲಿ ವಿದ್ವಾಂಸರೂ ನಂಬಿದ್ದರು. ಆಗಿನ ಎಷ್ಟೋ ಅಧ್ಯಯನಗಳು ಮಕ್ಕಳ ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿಯದೆ ಹೋಲಿಸಿದ್ದವು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳನ್ನು ಈ ವ್ಯತ್ಯಾಸ ಸರಿದೂಗಿಸಿ ಹೋಲಿಸಿದಾಗ ಎರಡು ಭಾಷೆಯ ಮಕ್ಕಳು ಹಿಂದೆ ಬೀಳುವುದಿರಲಿ, ಮುಂದೆಯೇ ಇದ್ದರು. ಹಾಗೆಂದು ‘ಇನ್ನೊಂದು ಭಾಷೆ ಕಲಿತರೆ ಬುದ್ಧಿ ಚುರುಕಾಗುತ್ತದೆ’ ಎಂಬ ಆಸೆಯನ್ನು ನಾನು ಯಾರಿಗೂ ಹುಟ್ಟಿಸುವುದಿಲ್ಲ. ಪೀಲ್ ಮತ್ತು ಲ್ಯಾಂಬರ್ಟ್ ಆರಿಸಿಕೊಂಡದ್ದು ಎರಡೂ ಭಾಷೆಯಲ್ಲಿ ಪಳಗಿದ್ದ ಮಕ್ಕಳನ್ನು. ಈ ಚುರುಕಿನ ಮಾತಿನ ಬಗ್ಗೆ ಸಂಶೋಧಕರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಭಾಷೆ ಕಲಿಯುವುದಕ್ಕೆ ಅಂಥ ಆಮಿಷ ಬೇಕಾಗಿಯೂ ಇಲ್ಲ.

ಮೊದಲ ಮೂರು ಭೇಟಿಗಳಲ್ಲಿ ಹುಡುಗ ಹೆಚ್ಚು ಮಾತಾಡಲಿಲ್ಲ. “ನನಗೆ ಭಾಷೆ ಹತ್ತಲ್ಲ ಮೇಡಂ” ಎನ್ನುವುದು, ಕೈಗಡಿಯಾರದ ಪಟ್ಟಿ ಬಿಚ್ಚುವುದು, ಮತ್ತೆ ಕಟ್ಟುವುದು. ನಾಲ್ಕನೇ ಸಲ ಬಂದಾಗ ಪತ್ರದ ಕರಡು ನನ್ನ ಮೇಜಿನ ಮೇಲೇ ಇತ್ತು. ಸಹಿ ಹಾಕುವ ಮುಂಚೆ, ಇದೆಲ್ಲ ಯಾವತ್ತು ಶುರುವಾಯಿತು ಎಂದು ಇನ್ನೊಮ್ಮೆ ಕೇಳೋಣ ಅನ್ನಿಸಿತು.

ಕೇಳಿದೆ. ಅವನು ತುಂಬಾ ಹೊತ್ತು ಸುಮ್ಮನಿದ್ದು, “ಅವತ್ತಿಂದ ಎಲ್ಲರೂ ನನ್ನ ತ್ರೆಝ್ ಅಂತ ಕರೀತಾರೆ” ಎಂದ.

ತ್ರೆಝ್ ಎಂದರೆ ಹದಿಮೂರು. ತರಗತಿಯಲ್ಲಿ ವಯಸ್ಸು ಹೇಳಲು ಎಬ್ಬಿಸಿದಾಗ ಇವನು “ಝ ಸ್ವಿ ತ್ರೆಝ್” ಎಂದಿದ್ದ. ಶಿಕ್ಷಕರು “ಓಹೋ, ನೀನೇ ಹದಿಮೂರಾ?” ಎಂದರಂತೆ. ಅವರಿಗೆ ನೋಯಿಸುವ ಉದ್ದೇಶ ಇದ್ದಿರಲಿಕ್ಕಿಲ್ಲ. ತರಗತಿ ಗೊಳ್ಳೆಂದು ನಕ್ಕಿತು, ಹೆಸರು ಅಂಟಿಕೊಂಡಿತು. ಆಮೇಲೆ ಅವನು ಆ ತರಗತಿಯಲ್ಲಿ ಬಾಯಿ ತೆರೆದಿಲ್ಲ.

ನನಗೆ ಫ್ರೆಂಚ್ ಬರುವುದಿಲ್ಲ. ತಪ್ಪೇನಾಯಿತು ಎಂಬುದು ನಿಜಕ್ಕೂ ತಿಳಿಯಲಿಲ್ಲ. “ಹೇಗೆ ಹೇಳಬೇಕಿತ್ತು, ನನಗೂ ಹೇಳಿಕೊಡು” ಎಂದೆ. ಪತ್ರದ ಕರಡನ್ನೇ ತಿರುಗಿಸಿ ಪೆನ್ನು ಕೊಟ್ಟೆ. ಅವನು ಬರೆಯುತ್ತ ವಿವರಿಸಿದ.

“ಝೆ ತ್ರೆಝ್ ಆಂ. ಅಂದ್ರೆ, ನನ್ನ ಹತ್ರ ಹದಿಮೂರು ವರ್ಷ ಇದೆ ಅಂತ. ಇಂಗ್ಲಿಷ್‌ನಲ್ಲಿ ಐ ಆಮ್ ಥರ್ಟೀನ್ ಅಂತೀವಲ್ಲ, ಹಾಗೆ ಹೇಳೋ ಹಾಗಿಲ್ಲ.”

“ಕನ್ನಡದಲ್ಲಿ?”

“ಕನ್ನಡದಲ್ಲಿ ನನಗೆ ಹದಿಮೂರು ವರ್ಷ.” ಪೆನ್ನು ನಿಂತಿತು. “ಮೇಡಂ, ನಮ್ಮಲ್ಲಿ ‘ನಾನು’ನೂ ಇಲ್ಲ, ‘ಆಮ್’ ಥರದ್ದೂ ಇಲ್ಲ. ‘ನನಗೆ’ ಅಂದ್ರೆ ಸಾಕು.”

ನಾನೇನೂ ಹೇಳಲಿಲ್ಲ. ಅವನೇ ಕೆಳಗೆ ಇನ್ನೊಂದು ಸಾಲು ಬರೆದ. ಝೆ ಪರ್, ಐ ಆಮ್ ಅಫ್ರೇಡ್, ನನಗೆ ಭಯ. ಫ್ರೆಂಚಿನವರ ಹತ್ತಿರ ಭಯ ಇರುತ್ತದೆ, ಇಂಗ್ಲಿಷಿನವರು ಭಯಗೊಂಡವರಾಗಿರುತ್ತಾರೆ, ನಮಗೆ ಭಯ ಆಗುತ್ತದೆ. ವಯಸ್ಸಿಗೆ ಯಾವ ಕಟ್ಟೋ ಭಯಕ್ಕೂ ಅದೇ ಕಟ್ಟು, ಮೂರೂ ಭಾಷೆಯಲ್ಲಿ. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಎರಡೂ ಸಾಲನ್ನು ಮತ್ತೆ ಮತ್ತೆ ಓದಿ, ತಲೆ ಎತ್ತದೆ ಹೇಳಿದ:

“ಹಾಗಾದ್ರೆ ನಾನು ಇಂಗ್ಲಿಷ್‌ನಿಂದ ತಂದು ಹಾಕಿದೆ, ಅದಕ್ಕೇ ತಪ್ಪಾಯ್ತು. ನಾನು ದಡ್ಡ ಆಗಿದ್ದಕ್ಕಲ್ಲ.”

ಆ ಹಾಳೆಗೆ ನಾನು ಸಹಿ ಹಾಕಲಿಲ್ಲ.

ತಪ್ಪಿಗೆ ಕಾರಣ ಇರುತ್ತದೆ. ಕಲಿಯುವವನು ತನ್ನಲ್ಲಿರುವ ಭಾಷೆಯ ಆಸರೆಯಿಂದ ಹೊಸದಕ್ಕೆ ನಿಯಮ ಊಹಿಸುತ್ತಾನೆ, ಆ ಊಹೆಯೇ ತಪ್ಪಾಗಿ ಹೊರಬರುತ್ತದೆ. ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಇದನ್ನು ವಾದಿಸಿದ್ದರು: ಕಲಿಯುವವರ ತಪ್ಪುಗಳನ್ನು ಬರಿಯ ಕಸವೆಂದು ತಳ್ಳಬಾರದು, ಕಲಿಕೆ ಎಲ್ಲಿಗೆ ಬಂದಿದೆ ಎಂಬುದನ್ನು ಅವು ತೋರಿಸುತ್ತವೆ. ನಮ್ಮ ಹುಡುಗನ ತಪ್ಪು ಅವನ ಬುದ್ಧಿ ಕೆಲಸ ಮಾಡುತ್ತಿದ್ದುದರ ಗುರುತಾಗಿತ್ತು. ತರಗತಿ ಅದಕ್ಕೆ ನಕ್ಕಿತ್ತು.

ಪತ್ರ ಕೊಡದಿದ್ದುದು ಕಠಿಣವಾಯಿತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಮಗು ನರಳುತ್ತಿರುವಾಗ ಹೊರೆ ಇಳಿಸುವುದಲ್ಲವೇ ನಮ್ಮ ಕೆಲಸ ಎಂದರು. ಇಳಿಸಲೇಬೇಕಾದ ಸಂದರ್ಭಗಳಿವೆ. ಓದು-ಬರಹಕ್ಕೆ ತೊಡಕಾಗುವ ಡಿಸ್ಲೆಕ್ಸಿಯಾ ಇದೆ ಎಂದು ಪರೀಕ್ಷೆಯಿಂದ ಖಚಿತವಾದ ಮಕ್ಕಳಿಗೆ ನಾನೇ ಅಂಥ ಪತ್ರ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಇವನದು ಆ ತೊಂದರೆಯಲ್ಲ, ಭಯ. ಭಯದಿಂದ ತಪ್ಪಿಸಿಕೊಂಡಾಗ ಸಿಗುವ ನಿರಾಳ ಎಷ್ಟು ಹಿತವೋ ಅಷ್ಟೇ ಅಪಾಯಕಾರಿ, ಮುಂದಿನ ಸಲ ಮೊದಲೇ ತಪ್ಪಿಸಿಕೊಳ್ಳಲು ಅದೇ ಕಲಿಸುತ್ತದೆ. ಫ್ರೆಂಚ್ ಬಿಟ್ಟಿದ್ದರೆ ಹೊಟ್ಟೆನೋವು ಮರುದಿನವೇ ನಿಲ್ಲುತ್ತಿತ್ತು. ‘ನನಗೆ ಭಾಷೆ ಹತ್ತಲ್ಲ’ ಎಂಬ ಮಾತು ಮಾತ್ರ ನನ್ನ ಸಹಿಯೊಂದಿಗೆ ಅವನ ಜೊತೆ ದೊಡ್ಡದಾಗುತ್ತಿತ್ತು. ಹೊಸ ಭಾಷೆಯ ತರಗತಿಯಲ್ಲಿ ಹುಟ್ಟುವ ಆತಂಕಕ್ಕೆ ತನ್ನದೇ ಸ್ವರೂಪ ಇದೆ ಎಂದು ಭಾಷಾಕಲಿಕೆಯ ಸಂಶೋಧಕಿ ಎಲೇನ್ ಹಾರ್ವಿಟ್ಜ್ ಮತ್ತು ಜೊತೆಗಾರರು 1986ರಲ್ಲೇ ಗುರುತಿಸಿ, ಅದನ್ನು ಅಳೆಯಲು 33 ಹೇಳಿಕೆಗಳ ಪಟ್ಟಿಯೊಂದನ್ನು ರೂಪಿಸಿದರು. ಇತರ ವಿಷಯಗಳಲ್ಲಿ ಜಾಣನಾದ ಮಗು ಇಲ್ಲಿ ನಡುಗುವುದು ಸೋಜಿಗವಲ್ಲ. ಗಣಿತದಲ್ಲಿ ತಪ್ಪಾದರೆ ಲೆಕ್ಕ ತಪ್ಪುತ್ತದೆ. ಹೊಸ ಭಾಷೆಯಲ್ಲಿ ಬಾಯಿ ತೆರೆದಾಗ, ಹದಿಮೂರರ ಹುಡುಗ ಎಲ್ಲರೆದುರು ಮೂರು ವರ್ಷದವನಂತೆ ತೊದಲಬೇಕು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಹುಡುಗನ ಒಪ್ಪಿಗೆ ಪಡೆದು ಶಿಕ್ಷಕರೊಡನೆ ಮಾತಾಡಿದೆ. ಮೂರು ವಾರ ಅವನನ್ನು ಇದ್ದಕ್ಕಿದ್ದಂತೆ ಎಬ್ಬಿಸಬೇಡಿ, ಅವನೇ ಸಿದ್ಧಮಾಡಿಕೊಂಡು ಬಂದ ಒಂದು ವಾಕ್ಯ ಹೇಳಲಿ, ಅದು ಮುಗಿಯುವವರೆಗೆ ತಿದ್ದಬೇಡಿ ಎಂದು ಕೇಳಿಕೊಂಡೆ. ಅವರು ಆ ‘ಹದಿಮೂರಾ?’ ಎಂಬ ಮಾತನ್ನು ಮರೆತೇಬಿಟ್ಟಿದ್ದರು. ಕೇಳಿ ತುಂಬಾ ನೊಂದುಕೊಂಡರು, ಅಡ್ಡಹೆಸರನ್ನು ತರಗತಿಯಲ್ಲಿ ತಾವೇ ನಿಲ್ಲಿಸಿದರು.

ಅಪ್ಪನಿಗೆ ಹೇಳಿದ್ದು ಒಂದೇ: ದಿನಕ್ಕೆ ಹತ್ತು ನಿಮಿಷ ನೀವೇ ಮಗನಿಂದ ಫ್ರೆಂಚ್ ಹೇಳಿಸಿಕೊಂಡು ಕಲಿಯಿರಿ, ಅಂಕದ ಮಾತೆತ್ತಬೇಡಿ. ದೊಡ್ಡವರು ತೊದಲುವುದನ್ನು, ತಪ್ಪಿದರೂ ಮುಂದುವರಿಯುವುದನ್ನು ಮಗು ಕಣ್ಣಾರೆ ನೋಡಬೇಕು. ಅವರು ಮತ್ತೆ ಫೋನಿನ ಮಾತು ತೆಗೆದರು. ಫೋನು ಸರಿಯಾದ ವಾಕ್ಯವನ್ನೇ ಕೊಡುತ್ತಿತ್ತು, ನಿಜ. ಊರು ಸುತ್ತುವಾಗ ದಾರಿ ಕೇಳಲು ಅಷ್ಟು ಸಾಕು. ಆದರೆ ಹುಟ್ಟಿದಾಗಿನಿಂದ ಆಡುತ್ತಿದ್ದ ‘ನನಗೆ’ ಎಂಬ ಪದವನ್ನು ನಿಮ್ಮ ಮಗ ಅವತ್ತು ಮೊದಲ ಸಲ ಕಂಡ, ಅದು ತಾನೇ ತಡವರಿಸಿದ್ದರಿಂದ ಎಂದೆ. ಹೊರಗಿನ ಭಾಷೆಯೊಂದು ಪಕ್ಕದಲ್ಲಿ ಬಂದು ನಿಲ್ಲುವವರೆಗೆ ನಮ್ಮ ಭಾಷೆ ನಮಗೆ ಕಾಣಿಸುವುದೇ ಇಲ್ಲ. ಶಾಲೆಯಲ್ಲಿ ಎರಡನೇ ಭಾಷೆ ಇರಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ಕೆಲಸ, ವಿದೇಶದ ಓದು ಎಲ್ಲ ಆಮೇಲಿನ ಮಾತು. ಅಪ್ಪ ಪೂರ್ತಿ ಒಪ್ಪಲಿಲ್ಲ. ಹತ್ತು ನಿಮಿಷಕ್ಕೆ ಒಪ್ಪಿದರು.

ಅಂಕಗಳು ಆ ವರ್ಷ ಹೇಳಿಕೊಳ್ಳುವಂತೆ ಏರಲಿಲ್ಲ. ಹೊಟ್ಟೆನೋವು ಒಮ್ಮೆಗೇ ನಿಲ್ಲಲಿಲ್ಲ, ಎರಡು ತಿಂಗಳಲ್ಲಿ ಅಪರೂಪವಾಯಿತು.

ಕೊನೆಯ ಭೇಟಿಗೆ ಅವನು ಒಂದು ನೋಟ್‌ಬುಕ್ ತಂದಿದ್ದ. ಪುಟಕ್ಕೆ ಮೂರು ಕಾಲಂ. ಒಂದು ಸಾಲಿನಲ್ಲಿ ಇಂಗ್ಲಿಷಿನ ‘ಐ ಮಿಸ್ ಯೂ’. ಫ್ರೆಂಚಿನಲ್ಲಿ ‘ತ್ಯು ಮ ಮಾಂಕ್’, ಪಕ್ಕದಲ್ಲಿ ಪೆನ್ಸಿಲಿನಿಂದ ‘ನೀನು ನನಗೆ ಕಡಿಮೆ ಬಿದ್ದಿದ್ದೀಯ’ ಎಂಬ ಟಿಪ್ಪಣಿ. ಕನ್ನಡದ ಕಾಲಂನಲ್ಲಿ ಒಂದು ಬರೆದು ಹೊಡೆದುಹಾಕಿ ಇನ್ನೊಂದು, ಅದನ್ನೂ ಹೊಡೆದು ಮತ್ತೊಂದು.

“ಅಪ್ಪ ‘ನಿನ್ನ ನೆನಪಾಗ್ತಿದೆ’ ಅಂತಾರೆ. ಅಮ್ಮ ಅದು ಬೇರೆ, ‘ನೀನಿಲ್ಲದೆ ಬೇಜಾರು’ ಅಂತಾರೆ” ಎಂದ. “ಮೂರು ದಿನದಿಂದ ಇದೇ ಚರ್ಚೆ ನಡೀತಿದೆ ಮೇಡಂ. ನೀವೇನಂತೀರಿ?”